ನೀರೊಳಗಿನ ಗಿಡಕ್ಕೆ ಎಷ್ಟು ಬೆಳಕು?

ಕೇಳುಗರಿಗೆ ನಮಸ್ಕಾರ.

ನಮ್ಮ ವಿಜಯಪುರದಲ್ಲಿ ಬಿಸಿಲಿಗೇನು ಬರ ಇಲ್ಲ. ಆದರೆ ಮನೆಯಲ್ಲಿ ಮೀನಿನ ತೊಟ್ಟಿ ಇಟ್ಟು, ಅದರಲ್ಲಿ ಗಿಡ ಬೆಳೆಸುವವರಿಗೆ ಈ ಬಿಸಿಲು ಕೆಲಸಕ್ಕೆ ಬರುವುದಿಲ್ಲ. ಕಿಟಕಿ ಪಕ್ಕ ಇಟ್ಟರೆ ನೀರು ಕಾಯುತ್ತದೆ, ಗಾಜಿಗೆ ಪಾಚಿ ಹಿಡಿಯುತ್ತದೆ. ಹಾಗಾಗಿ ಲೈಟು ಬೇಕೇ ಬೇಕು. ಮೀನಿನ ಅಂಗಡಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಸಿಗುವುದು ನೀಲಿ ದೀಪ. ಅದರಲ್ಲಿ ಮೀನು ಚೆಂದ ಕಾಣುತ್ತದೆ, ಗಿಡ ಮಾತ್ರ ಏಳುವುದಿಲ್ಲ. ಗಿಡಕ್ಕೆಂದೇ ಮಾಡಿದ ಲೈಟನ್ನು ಪುಣೆಯಿಂದಲೋ ಬೆಂಗಳೂರಿನಿಂದಲೋ ತರಿಸಬೇಕು. ಅದರ ಬೆಲೆ ಎಷ್ಟೋ ಸಲ ತೊಟ್ಟಿಗಿಂತ ಜಾಸ್ತಿ!

ಅಷ್ಟೆಲ್ಲ ಬೇಡ. ಗಾಂಧಿ ಚೌಕದ ಕಡೆ ಹೋಗಿ ಒಂದು ಎಲೆಕ್ಟ್ರಿಕಲ್ ಅಂಗಡಿ ಹೊಕ್ಕು ಬನ್ನಿ. ಮನೆಯ ಗೋಡೆಗೆ ಹಾಕುವ ಎಲ್‌ಇಡಿ ಟ್ಯೂಬು, ಅಂಗಡಿಯವರು ಬ್ಯಾಟನ್ ಅನ್ನುತ್ತಾರಲ್ಲ, ಅದೇ ಸಾಕು. ಬಿಳಿ ಎಲ್‌ಇಡಿಯ ಒಳಗೆ ಇರುವುದು ನೀಲಿ ಬೆಳಕು ಕೊಡುವ ಚಿಪ್. ಅದರ ಮೇಲಿನ ಹಳದಿ ಫಾಸ್ಫರ್ ಲೇಪ ಆ ನೀಲಿಯಲ್ಲಿ ಒಂದಷ್ಟನ್ನು ಹಸಿರು, ಹಳದಿ, ಕೆಂಪು ಬೆಳಕಾಗಿ ಬದಲಿಸುತ್ತದೆ. ಗಿಡ ಹೆಚ್ಚಾಗಿ ಹೀರಿಕೊಳ್ಳುವ ನೀಲಿ, ಕೆಂಪು ಎರಡೂ ಅದರಲ್ಲೇ ಇವೆ.

ಕೊಳ್ಳುವಾಗ ಡಬ್ಬಿ ತಿರುಗಿಸಿ ಓದಿ. 6500 ಕೆಲ್ವಿನ್, ಕೂಲ್ ಡೇಲೈಟ್ ಅಂತ ಬರೆದಿದ್ದನ್ನೇ ಕೇಳಿ. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ. 3000 ಕೆಲ್ವಿನ್ನಿನ ಹಳದಿ ದೀಪದಲ್ಲೂ ಗಿಡ ಬೆಳೆಯುತ್ತದೆ, ಆದರೆ ನೀರು ಕರೀ ಚಹಾದ ಹಾಗೆ ಕಾಣುತ್ತದೆ. ಆಮೇಲೆ ಲ್ಯೂಮೆನ್ ನೋಡಿ. ವ್ಯಾಟ್ ಅಂದರೆ ದೀಪ ತಿನ್ನುವ ಕರೆಂಟು, ಲ್ಯೂಮೆನ್ ಅಂದರೆ ಅದು ಕೊಡುವ ಬೆಳಕು. 2 ಅಡಿ ಉದ್ದ, ಅಗಲ ಎತ್ತರ ಒಂದೊಂದು ಅಡಿ ಇರುವ ತೊಟ್ಟಿ ಸುಮಾರು 55 ಲೀಟರ್ ಹಿಡಿಯುತ್ತದೆ. ಲೀಟರಿಗೆ 20 ಲ್ಯೂಮೆನ್ ಹಿಡಿದರೆ 1100 ಆಯಿತು. 2 ಅಡಿಯ, 10-12 ವ್ಯಾಟಿನ ಒಂದು ಬ್ಯಾಟನ್‌ಗೆ ಲೆಕ್ಕ ಮುಗಿಯಿತು. ಇದು ಅಂದಾಜಿನ ಲೆಕ್ಕ ಅನ್ನಿ. ತೊಟ್ಟಿ ಆಳ ಇದ್ದರೆ ಇನ್ನೊಂದು ಜೋಡಿಸಬೇಕಾಗುತ್ತದೆ.

ಇಷ್ಟು ಬೆಳಕಿಗೆ ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಜಾವಾ ಫರ್ನ್, ಅನುಬಿಯಾಸ್ ಆರಾಮಾಗಿ ಬೆಳೆಯುತ್ತವೆ. ಮೊದಲೆರಡಕ್ಕೆ ನಮ್ಮ ಬೋರಿನ ಗಡಸು ನೀರೂ ಒಗ್ಗುತ್ತದೆ. ಕೆಂಪು ಎಲೆಯ ಗಿಡಗಳಿಗೆ ಜಾಸ್ತಿ ಬೆಳಕು, ಮೇಲೆ ಇಂಗಾಲದ ಡೈಆಕ್ಸೈಡ್ ಅನಿಲವೂ ಬೇಕು. ಸದ್ಯಕ್ಕೆ ಅವುಗಳ ಉಸಾಬರಿ ಬೇಡ.

ಗಡಸು ನೀರು ಅಂದೆ ನೋಡಿ, ಅದು ಇನ್ನೊಂದು ಕಡೆ ಕೈ ಕೊಡುತ್ತದೆ. ತೊಟ್ಟಿಯ ಮೇಲಿನ ಗಾಜಿನ ಮುಚ್ಚಳಕ್ಕೆ ಕೆಳಗಿನಿಂದ ಹನಿ ಸಿಡಿದು ಒಣಗುತ್ತಾ ಬಿಳಿ ಸುಣ್ಣ ಕಟ್ಟುತ್ತದೆ. ಬರಬರುತ್ತಾ ಗಾಜೇ ಮಬ್ಬಾಗಿ ಬೆಳಕು ಕೆಳಗೆ ಇಳಿಯುವುದಿಲ್ಲ. ಲೈಟು ಹಳೇದಾಯಿತು ಅಂತ ಹೊಸದು ತರುವ ಮೊದಲು ಆ ಗಾಜು ತೆಗೆದು, ನಿಂಬೆ ಹೋಳು ತಿಕ್ಕಿ, ತೊಳೆದು ನೋಡಿ. ಹಾಗಂತ ಮುಚ್ಚಳವನ್ನೇ ತೆಗೆದಿಡಬೇಡಿ. ಮನೆಯ ಬ್ಯಾಟನ್ ನೀರಿಗೆ ತಡೆಯುವಂಥದ್ದಲ್ಲ, ಅದರಲ್ಲಿ ಹರಿಯುವುದು 230 ವೋಲ್ಟ್. ವಾಯರು ಪ್ಲಗ್ಗಿಗಿಂತ ಕೆಳಗೆ ಜೋತುಬಿದ್ದು ಆಮೇಲೆ ಮೇಲೇರಬೇಕು. ಆಗ ವಾಯರಿನ ಮೇಲೆ ಹರಿದು ಬಂದ ನೀರು ಅಲ್ಲೇ ಕೆಳಗೆ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ತೊಟ್ಟಿಗೆ ಕೈ ಹಾಕುವ ಮುಂಚೆ ಸ್ವಿಚ್ ಆರಿಸಿ, ಪ್ಲಗ್ಗನ್ನೂ ಕೀಳಿ.

ಲೈಟು ದಿನಕ್ಕೆ 6 ರಿಂದ 8 ತಾಸು ಉರಿದರೆ ಸಾಕು. ಬೆಳಗಿನಿಂದ ರಾತ್ರಿ ಮಲಗುವತನಕ ಹಚ್ಚಿಟ್ಟರೆ ಗಿಡಕ್ಕಿಂತ ಮೊದಲು ಬೆಳೆಯುವುದು ಪಾಚಿ. ಸಾಲದು ಅನ್ನುವುದನ್ನು ಗಿಡವೇ ಹೇಳುತ್ತದೆ. ಹೈಡ್ರಿಲ್ಲಾದ ಕಾಂಡ ಉದ್ದಕ್ಕೆ ಎಳೆದು, ಎಲೆಯ ಸುತ್ತುಗಳ ನಡುವೆ ಬರೀ ದಂಟು ಕಾಣಿಸುತ್ತಿದ್ದರೆ ಬೆಳಕು ಕಡಿಮೆ ಅಂತ. ಸಂಜೆ ಹೊತ್ತಿಗೆ ಎಲೆಯ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಕೂತಿದ್ದರೆ ಅದು ಗಿಡ ಬಿಟ್ಟ ಆಮ್ಲಜನಕ. ಆಗ ಲೈಟಿನ ತಂಟೆಗೆ ಹೋಗಬೇಡಿ.

ಟೈಮರ್ ಹಾಕುವುದು ಒಳ್ಳೆಯದೇ. ಆದರೆ ಚಕ್ರ ತಿರುಗುವ ಅಗ್ಗದ ಟೈಮರ್ ಕರೆಂಟು ಹೋದಾಗ ನಿಂತುಬಿಡುತ್ತದೆ. ದಿನಕ್ಕೆರಡು ತಾಸು ಕರೆಂಟು ಹೋದರೆ, ವಾರ ಕಳೆಯುವಷ್ಟರಲ್ಲಿ ನಿಮ್ಮ ತೊಟ್ಟಿಯಲ್ಲಿ ನಡುರಾತ್ರಿ ದೀಪ ಹತ್ತುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಕೇಳಿ ತಗೊಳ್ಳಿ.

ನಮಸ್ಕಾರ.