ಅಂಬಾಸಡರ್ ಸ್ಟಾರ್ಟರ್ 'ಕರ್ರ್' ಅನ್ನುತ್ತಿದೆಯಾ? ಪಿನಿಯನ್ ಕೊಳ್ಳುವ ಮುಂಚೆ ಇದನ್ನು ನೋಡಿ

[ಬಾನೆಟ್ ತೆರೆದಿದೆ. ಸ್ಟಾರ್ಟರ್ ಸದ್ದು: ಕರ್ರ್... ಕರ್ರ್...]

ಕೇಳಿಸಿತಾ? ಹಲ್ಲಿಗೆ ಹಲ್ಲು ಉಜ್ಜುವ ಸದ್ದು ಇದು. ನಮ್ಮ ಅಂಬಾಸಡರ್‌ನಲ್ಲಿ ಹೀಗಾದಾಗ ಎರಡು ಸಲ ಪಿನಿಯನ್ (ಸ್ಟಾರ್ಟರ್ ಮೋಟಾರಿನ ಪುಟ್ಟ ಹಲ್ಲಿನ ಚಕ್ರ) ಬದಲಾಯಿಸಿದೆವು. ಎರಡು ಸಲವೂ ಸುಮ್ನೆ ದುಡ್ಡು ಹೋಯಿತು. ತೊಂದರೆ ಇದ್ದದ್ದೇ ಬೇರೆ ಕಡೆ.

ನಾನು ಹೇಳುತ್ತಿರುವುದು ಹಳೇ 1489 ಸಿಸಿ ಪೆಟ್ರೋಲ್ ಎಂಜಿನ್ ಬಗ್ಗೆ. ಆಮೇಲೆ ಬಂದ ಇಸುಜು ಎಂಜಿನ್ ಗಾಡಿಗಳ ಸ್ಟಾರ್ಟರ್ ಬೇರೆ ಥರ.

[ಬಿಚ್ಚಿದ ಸ್ಟಾರ್ಟರ್, ಹತ್ತಿರದಿಂದ]

ಇದು ಬೆಂಡಿಕ್ಸ್, ಪಿನಿಯನ್ನನ್ನು ಎಂಜಿನ್ನಿಗೆ ಸೇರಿಸುವ ಭಾಗ. ಶಾಫ್ಟ್ ಮೇಲೆ ಓರೆ ಥ್ರೆಡ್ ಇದೆ ನೋಡಿ. ಮೋಟಾರ್ ಗಕ್ಕನೆ ತಿರುಗಿದಾಗ ಪಿನಿಯನ್ ಇದರ ಮೇಲೆ ಜಾರಿ, ಫ್ಲೈವೀಲ್ (ಎಂಜಿನ್ ಹಿಂದಿನ ಭಾರದ ಚಕ್ರ) ಸುತ್ತ ಇರುವ ರಿಂಗಿನ ಹಲ್ಲಿಗೆ ಸೇರುತ್ತದೆ. ಅಂದರೆ ತಿರುಗುತ್ತಿರುವ ಹಲ್ಲು, ನಿಂತಿರುವ ಹಲ್ಲಿಗೆ ಬಡಿಯುತ್ತದೆ. ಪ್ರತಿ ಸಲವೂ. ವರ್ಷಗಟ್ಟಲೆ ಬಡಿದರೆ ಅಂಚು ಸವೆಯದೇ ಇರುತ್ತದಾ?

ಈಗ ಮುಖ್ಯವಾದ ಮಾತು. ಕೀ ಆಫ್ ಮಾಡಿದಾಗ ಎಂಜಿನ್ ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ನಾಲ್ಕು ಸಿಲಿಂಡರ್ ಅಲ್ವಾ, ಪ್ರತಿ ಅರ್ಧ ಸುತ್ತಿಗೆ ಒಂದರಲ್ಲಿ ಕಂಪ್ರೆಷನ್ ಬರುತ್ತದೆ, ಅಂದರೆ ಒಳಗಿನ ಗಾಳಿ ಒತ್ತಿಕೊಂಡು ತಡೆಯುತ್ತದೆ. ವೇಗ ಕಳೆದುಕೊಂಡ ಎಂಜಿನ್ ಅದನ್ನು ದಾಟಲಾಗದೆ ಹೆಚ್ಚಾಗಿ ಅದರ ಹತ್ತಿರವೇ ನಿಲ್ಲುತ್ತದೆ. ಹಾಗಾಗಿ ಪಿನಿಯನ್ ಏಟೆಲ್ಲ ರಿಂಗಿನ ಎರಡೇ ಜಾಗಕ್ಕೆ ಬೀಳುತ್ತದೆ, ಒಂದಕ್ಕೊಂದು ಎದುರುಬದುರು. ಉಳಿದ ಹಲ್ಲುಗಳು ಹೊಸದರಂತೆ ಇರುತ್ತವೆ!

ಪರೀಕ್ಷೆ ಸುಲಭ. ಕೀ ಆಫ್, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆಯಿರಿ. ಮುಂದಿನಿಂದ ಹ್ಯಾಂಡಲ್ ಹಾಕಿ ಎಂಜಿನ್ನನ್ನು ಕಾಲು ಸುತ್ತು ತಿರುಗಿಸಿ. ಹೆಬ್ಬೆರಳು ಬೆರಳುಗಳ ಜೊತೆಗೇ ಇರಲಿ, ಹ್ಯಾಂಡಲ್ ಸುತ್ತ ಹಿಡಿಯಬೇಡಿ. ಹಿಂದಕ್ಕೆ ಹೊಡೆದರೆ ಮೂಳೆ ಮುರಿಯುತ್ತದೆ. ಹ್ಯಾಂಡಲ್ ತೆಗೆದಿಟ್ಟು ಸ್ಟಾರ್ಟ್ ಮಾಡಿ. ಸಲೀಸಾಗಿ ಹಿಡಿಯಿತಾ? ಹಾಗಿದ್ದರೆ ಸವೆದಿರುವುದು ರಿಂಗ್. ಎಲ್ಲಿ ತಿರುಗಿಸಿದರೂ ಕರ್ರ್ ಅಂದರೆ ಮೊದಲು ಪಿನಿಯನ್ ನೋಡಿ. ಸ್ಟಾರ್ಟರ್ ಬೋಲ್ಟ್ ಸಡಿಲವಾಗಿದೆಯಾ ಅಂತಲೂ ನೋಡಿ.

ಬರೀ 'ಗುಂಯ್' ಅಂತ ಮೋಟಾರ್ ಮಾತ್ರ ತಿರುಗಿದರೆ ಪಿನಿಯನ್ ಥ್ರೆಡ್ ಮೇಲೆ ಅಂಟಿರಬಹುದು. ಕ್ಲಚ್ ದೂಳು ಕೂತಿರುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ. ದಯವಿಟ್ಟು ಗ್ರೀಸ್ ಹಚ್ಚಬೇಡಿ, ದೂಳು ಇನ್ನೂ ಜಾಸ್ತಿ ಹಿಡಿಯುತ್ತದೆ.

'ಟಕ್' ಅಂದು ಲೈಟ್ ಮಂಕಾದರೆ? ಬ್ಯಾಟರಿ ಸರಿ ಇದ್ದರೆ ಪಿನಿಯನ್ ಸಿಕ್ಕಿಹಾಕಿಕೊಂಡಿರಬಹುದು. ಸ್ಟಾರ್ಟರ್ ಹಿಂದೆ, ಪುಟ್ಟ ಮುಚ್ಚಳದ ಕೆಳಗೆ, ಶಾಫ್ಟಿನ ಚೌಕಾಕಾರದ ತುದಿ ಇರುತ್ತದೆ. ಸ್ಪ್ಯಾನರ್ ಹಾಕಿ ತಿರುಗಿಸಿದರೆ ಬಿಡಿಸಿಕೊಳ್ಳುತ್ತದೆ.

[ಗೇರ್‌ಬಾಕ್ಸ್ ಇಳಿಸಿದ ಗಾಡಿ, ಫ್ಲೈವೀಲ್]

ರಿಂಗ್ ಬದಲಾಯಿಸಲು ಗೇರ್‌ಬಾಕ್ಸ್ ಇಳಿಸಬೇಕು, ಫ್ಲೈವೀಲ್ ಬಿಚ್ಚಬೇಕು. ಹೊಸ ರಿಂಗನ್ನು ಕಾಯಿಸಿ ಕೂರಿಸುತ್ತಾರೆ. 300ರಿಂದ 400 ಡಿಗ್ರಿ ಸೆಲ್ಸಿಯಸ್, ಲೋಹ ತಿಳಿ ನೀಲಿಗೆ ತಿರುಗುವಷ್ಟು. ಕೆಂಪಗೆ ಕಾಯಿಸಿದರೆ ಹಲ್ಲಿನ ಗಡಸುತನವೇ ಹೋಗುತ್ತದೆ. ಪಕ್ಕದಲ್ಲೇ ನಿಂತು ನೋಡಿ. ಹಲ್ಲಿನ ಓರೆ ಅಂಚು ಪಿನಿಯನ್ ಬಂದು ಸೇರುವ ಕಡೆಗೇ ಇರಬೇಕು. ಜೊತೆಗೆ ಹೊಸ ಪಿನಿಯನ್ನೂ ಹಾಕಿಸಿ, ಸವೆದ ಪಿನಿಯನ್ ಹೊಸ ರಿಂಗನ್ನು ತಿಂದುಹಾಕುತ್ತದೆ.

ಅಷ್ಟು ಕೆಲಸ ಮಾಡಿಸುವವರೆಗೆ ಹ್ಯಾಂಡಲ್ ಡಿಕ್ಕಿಯಲ್ಲೇ ಇರಲಿ.