ಎಸ್‌ಜಿಪಿಟಿ ಜಾಸ್ತಿ ಬಂದಿದೆಯಾ? ಮೊದಲು ಇದನ್ನು ನೋಡಿ

[ಪರದೆಯಲ್ಲಿ: ಲ್ಯಾಬ್ ರಿಪೋರ್ಟ್. ಎಸ್‌ಜಿಪಿಟಿ 68, ದಪ್ಪಕ್ಷರದಲ್ಲಿ]

ನಮಸ್ಕಾರ. ಡೊಂಬಿವ್ಲಿ, ಮುಲುಂಡ್ ಕಡೆ ಈಗ ಯಾರ ಮನೆಗೆ ಹೋದರೂ ಒಂದು ಫುಲ್ ಬಾಡಿ ಚೆಕಪ್ ರಿಪೋರ್ಟ್ ಇದ್ದೇ ಇರುತ್ತೆ. ಅದರಲ್ಲಿ ಲಿವರ್ ಟೆಸ್ಟಿನ ಎಸ್‌ಜಿಪಿಟಿ ಅನ್ನೋ ಅಂಕಿ ದಪ್ಪಗಿದ್ದರೆ ಮನೆಮಂದಿಗೆಲ್ಲ ಗಾಬರಿ.

ಎಸ್‌ಜಿಪಿಟಿ, ಅದರ ಜೊತೆಗೇ ನೋಡೋ ಎಸ್‌ಜಿಒಟಿ, ಎರಡೂ ಲಿವರಿನ ಜೀವಕೋಶದ ಒಳಗೆ ಕೆಲಸ ಮಾಡೋ ಕಿಣ್ವಗಳು. ಕೋಶಕ್ಕೆ ಪೆಟ್ಟಾದರೆ ರಕ್ತಕ್ಕೆ ಸೋರುತ್ತವೆ. ಮಾಟುಂಗದ ಉಡುಪಿ ಹೋಟೆಲಿನ ಅಡುಗೆಮನೆಯಿಂದ ಸಾಂಬಾರ್ ಹೊರಗೆ ಹರಿದು ಬಂದರೆ ಒಳಗೆ ಪಾತ್ರೆ ಉರುಳಿದೆ ಅಂತ ಗೊತ್ತಾಗುತ್ತೆ. ಅಡುಗೆ ನಡೀತಿದೆಯೋ ಇಲ್ಲವೋ, ಗೊತ್ತಾಗಲ್ಲ. ಎಸ್‌ಜಿಒಟಿಯಂತೂ ಸ್ನಾಯುಗಳಲ್ಲೂ ಇದೆ. ಭಾನುವಾರ ಜಿಮ್ಮಿನಲ್ಲಿ ಮೈಮುರಿದು ಸೋಮವಾರ ರಕ್ತ ಕೊಟ್ಟರೆ ಎರಡೂ ಏರಿರಬಹುದು, ಲಿವರ್ ಪಾಪ ಏನೂ ಮಾಡಿರಲ್ಲ.

[ಪರದೆಯಲ್ಲಿ: ಬಿ6 → ಕಿಣ್ವ]

ಈ ಕಿಣ್ವಗಳು ಕೆಲಸ ಮಾಡೋಕೆ ಬಿ6 ವಿಟಮಿನ್ ಬೇಕು. ಅದನ್ನು ಬಳಕೆಗೆ ಬರೋ ರೂಪಕ್ಕೆ ತರೋದು ಬಹುಪಾಲು ಲಿವರೇ. ತುಂಬಾ ಕುಡಿಯೋರಲ್ಲಿ ಬಿ6 ಕಡಿಮೆಯಾಗಿ ಎಸ್‌ಜಿಪಿಟಿ ಅಷ್ಟಾಗಿ ಏರೋದೇ ಇಲ್ಲ. ಎಸ್‌ಜಿಒಟಿ ಅದರ ಎರಡು ಪಟ್ಟು ಮೀರಿದ್ದರೆ ಡಾಕ್ಟರು "ಡ್ರಿಂಕ್ಸ್ ತಗೋತೀರಾ?" ಅಂತ ಕೇಳೋದಕ್ಕೆ ಇದೂ ಒಂದು ಕಾರಣ.

ನನ್ನ ಪ್ರಕಾರ ನಿಜವಾದ ಅಪಾಯ ನಾರ್ಮಲ್ ರಿಪೋರ್ಟಿನದು. ಸಿರೋಸಿಸ್ ಆದ, ಅಂದರೆ ಗಾಯದ ಕಲೆಗಟ್ಟಿ ಗಟ್ಟಿಯಾದ ಲಿವರಿನಲ್ಲೂ ಎಸ್‌ಜಿಪಿಟಿ ನಾರ್ಮಲ್ ಬರಬಹುದು. ಲಿವರ್ ಮಾಡೋ ಕೆಲಸದ ಲೆಕ್ಕ ಬೇಕಿದ್ದರೆ ಆಲ್ಬುಮಿನ್ (ಲಿವರ್ ತಯಾರಿಸೋ ಪ್ರೋಟೀನ್), ಬಿಲಿರುಬಿನ್ (ಲಿವರ್ ಹೊರಹಾಕೋ ಹಳದಿ ಬಣ್ಣದ ವಸ್ತು), ಐಎನ್‌ಆರ್ (ರಕ್ತ ಹೆಪ್ಪುಗಟ್ಟೋದು ಎಷ್ಟು ತಡ ಅನ್ನೋ ಅಳತೆ) ನೋಡಬೇಕು. ರಕ್ತ ಹೆಪ್ಪುಗಟ್ಟಿಸೋ 2, 7, 9, 10ನೇ ಅಂಶಗಳನ್ನು ಲಿವರ್ ತಯಾರಿಸೋದು ವಿಟಮಿನ್ ಕೆ ಬಳಸಿ. ಪಿತ್ತನಾಳ ಕಟ್ಟಿಕೊಂಡರೆ ಪಿತ್ತ ಸಿಗದೆ ಕರುಳು ಈ ಕೆ ವಿಟಮಿನ್ನನ್ನು ಸರಿಯಾಗಿ ಹೀರಲ್ಲ, ಐಎನ್‌ಆರ್ ಏರುತ್ತೆ. ಆಗ ಕೆ ಇಂಜೆಕ್ಷನ್ ಕೊಟ್ಟರೆ ಇಳಿಯುತ್ತೆ. ಲಿವರೇ ಸೋತಿದ್ದರೆ ಇಂಜೆಕ್ಷನ್ನಿಗೂ ಅಷ್ಟಾಗಿ ಜಗ್ಗಲ್ಲ.

ವಿಟಮಿನ್ ಡಿ ಟೆಸ್ಟಿನಲ್ಲಿ ಅಳೆಯೋದೂ ಲಿವರ್ ಮಾರ್ಪಡಿಸಿದ ರೂಪವನ್ನೇ; ಕೊನೆಯ ಹಂತ ಮಾತ್ರ ಕಿಡ್ನಿಯದು. ಬಿ12 ಲಿವರಿನಲ್ಲಿ ವರ್ಷಗಟ್ಟಲೆಗೆ ಆಗೋಷ್ಟು ದಾಸ್ತಾನಿರುತ್ತೆ. ಎ ವಿಟಮಿನ್ ಕೂಡ ಅಲ್ಲೇ ಕೂಡುತ್ತೆ, ಮಾತ್ರೆ ಅತಿಯಾದರೆ ಲಿವರಿಗೇ ಏಟು.

[ಪರದೆಯಲ್ಲಿ: ಅಮೃತಬಳ್ಳಿ]

"ನ್ಯಾಚುರಲ್ ಅಲ್ವಾ" ಅನ್ನೋರಿಗೂ ಒಂದು ಮಾತು. 2020ರಲ್ಲಿ ಕೋವಿಡ್ ಭಯಕ್ಕೆ ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಲಿವರಿಗೆ ಹಾನಿಯಾದದ್ದನ್ನು ನಮ್ಮ ಮುಂಬೈ ವೈದ್ಯರೇ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಹೇಗೇ ಇರಲಿ, ಡಾಕ್ಟರ ಹತ್ತಿರ ಹೋಗುವಾಗ ಮಾತ್ರೆ, ಕಷಾಯ, ಪ್ರೋಟೀನ್ ಪೌಡರ್ ಯಾವುದನ್ನೂ ಮುಚ್ಚಿಡಬೇಡಿ.