ಏರಿಸುವ ಮುನ್ನ ಇಳಿಸಿ: ಮನೆಯಲ್ಲಿ ಮುದ್ರಿಸಿದ ಹಾಡಿಗೆ ಹದ ತರುವುದು

ಕೇಳುಗರೆಲ್ಲರಿಗೂ ನಮಸ್ಕಾರ. ಮನೆಯ ಕೋಣೆಯಲ್ಲೇ ಗಿಟಾರ್ ನುಡಿಸಿ, ಲ್ಯಾಪ್‌ಟಾಪಿಗೆ ಮೈಕ್ ಜೋಡಿಸಿ, ತಾವೇ ಬರೆದ ಹಾಡನ್ನು ತಾವೇ ಹಾಡಿ ಧ್ವನಿಮುದ್ರಿಸಿಕೊಂಡು, ಕೊನೆಗೆ ಎಲ್ಲವನ್ನೂ ಕೂಡಿಸುವ ಹೊತ್ತಿಗೆ ‘ಏಕೋ ಹಾಡು ಮಂಕಾಗಿದೆ’ ಎಂದು ಕೈಚೆಲ್ಲಿ ಕುಳಿತಿರುವ ತರುಣ ತರುಣಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾತುಗಳನ್ನಾಡುತ್ತಿದ್ದೇನೆ. ನಿಮ್ಮಲ್ಲಿ ಬಹುಪಾಲು ಜನ ಮೊದಲು ಕೇಳುವುದು, ಯಾವ ಮೈಕ್ ಕೊಳ್ಳಬೇಕು ಎಂದು. ದಯವಿಟ್ಟು ಆ ಪ್ರಶ್ನೆಯನ್ನು ಬದಿಗಿಡಿ. ಇರುವ ಮೈಕೇ ಸಾಕು. ನಾನು ಹೇಳಬೇಕಾದದ್ದು ಒಂದೇ ಮಾತು: ಏರಿಸುವ ಮುನ್ನ ಇಳಿಸಿ.

ಕಳೆದ ಮಳೆಗಾಲದಲ್ಲಿ ಕಾಲೇಜು ವಿದ್ಯಾರ್ಥಿಯೊಬ್ಬ ತನ್ನ ಹಾಡನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ನನ್ನ ಬಳಿಗೆ ಬಂದಿದ್ದ. ತನ್ನೂರಿನ ಕೆರೆಯನ್ನು ಕುರಿತು ಬರೆದ ಹಾಡು. ರಾಗವೂ ಚೆನ್ನಾಗಿತ್ತು, ಕಂಠವೂ ಚೆನ್ನಾಗಿತ್ತು. ಆದರೆ ದನಿ ಕೇಳುತ್ತಿಲ್ಲವೆಂದು ದನಿಯ ಫೇಡರನ್ನು, ಅಂದರೆ ಸದ್ದನ್ನು ಹೆಚ್ಚು ಕಡಿಮೆ ಮಾಡುವ ಜಾರುಗುಂಡಿಯನ್ನು, ಏರಿಸಿದ್ದ, ಆಗ ಗಿಟಾರ್ ಸಪ್ಪೆಯಾಯಿತೆಂದು ಅದನ್ನೂ ಏರಿಸಿದ್ದ, ಮತ್ತೆ ದನಿ, ಮತ್ತೆ ಗಿಟಾರ್. ಮಟ್ಟ ತೋರಿಸುವ ಮೀಟರು ಕೆಂಪಾಗಿ, ಪಲ್ಲವಿಯ ತಾರಸ್ವರಗಳೆಲ್ಲ ಒಡೆದು ಕರಕರ ಎನ್ನುತ್ತಿದ್ದವು. ಸಾಹಿತ್ಯವನ್ನು ಓದಿರದ ನನ್ನ ಸಹಾಯಕರನ್ನು ಕರೆದು, ಪಲ್ಲವಿಯ ಮೊದಲ ಪದ ಯಾವುದೆಂದು ಕೇಳಿದೆ. ‘ತೆರೆ’ ಎಂದರು. ಹುಡುಗ ಬರೆದದ್ದು ‘ಕೆರೆ’. ಅವನ ಮುಖ ಬಾಡಿತು.

ಅಲ್ಲಿ ಆದದ್ದಿಷ್ಟು. ‘ಕೆ’ ಎಂಬ ಅಕ್ಷರ ಬಾಯಿಯಿಂದ ಹೊರಡುವ ಕ್ಷಣದ ಸಣ್ಣ ಸಿಡಿತ ಸುಮಾರು 2000ರಿಂದ 4000 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನಗಳ, ನಡುವೆ ಇರುತ್ತದೆ. ಪಿಕ್ ಹಿಡಿದು ಉಕ್ಕಿನ ತಂತಿಗಳನ್ನು ಮೀಟಿದಾಗ ಏಳುವ ಝಣಝಣವೂ ಅಲ್ಲೇ ಇರುತ್ತದೆ. ತಾಳದ ಒಂದೇ ಪೆಟ್ಟಿಗೆ ಎರಡೂ ಬಿದ್ದರೆ ವ್ಯಂಜನ ಮುಳುಗಿ ಸ್ವರ ಮಾತ್ರ ಉಳಿಯುತ್ತದೆ, ಕಿವಿ ತನಗೆ ತೋಚಿದ ವ್ಯಂಜನವನ್ನು ತುಂಬಿಕೊಳ್ಳುತ್ತದೆ. ನಾನು ಎಲ್ಲ ಫೇಡರುಗಳನ್ನೂ ಪೂರ್ತಿ ಕೆಳಗಿಳಿಸಿ, ದನಿಯೊಂದನ್ನೇ ಮೊದಲು ತಂದೆ. ಅದರಲ್ಲಿ 80 ಹರ್ಟ್ಸ್‌ಗಿಂತ ಕೆಳಗಿದ್ದ ಮೇಜಿನ ಅದುರು, ಫ್ಯಾನಿನ ಗುಂಯ್‌ಗುಡುವಿಕೆಯನ್ನು ಕತ್ತರಿಸಿದೆ. ಆಮೇಲೆ ಗಿಟಾರನ್ನು ನಿಧಾನವಾಗಿ ಮೇಲೆ ತಂದು, ಒಂದು ಪದ ಮಸುಕಾದೊಡನೆ ನಿಲ್ಲಿಸಿದೆ. ಗಿಟಾರಿನ ಸದ್ದನ್ನು 250 ಹರ್ಟ್ಸ್ ಸುತ್ತ 4 ಡೆಸಿಬಲ್, 3000 ಹರ್ಟ್ಸ್ ಸುತ್ತ 3 ಡೆಸಿಬಲ್ ಇಳಿಸಿದೆ. ದನಿಯನ್ನು ಕೂದಲೆಳೆಯಷ್ಟೂ ಏರಿಸಲಿಲ್ಲ. ಅಷ್ಟರಲ್ಲಿ ಚಹಾ ತಂದವರು ಬಾಗಿಲಲ್ಲೇ ನಿಂತು, ‘ಇದು ಯಾವ ಊರಿನ ಕೆರೆ, ಸಾರ್?’ ಎಂದು ಕೇಳಿದರು. ಆ ಹುಡುಗನ ಕಣ್ಣುಗಳನ್ನು ನೀವು ನೋಡಬೇಕಿತ್ತು.

ಈ ಪ್ರಸಂಗವೇ ಹೆಚ್ಚು ಹೊತ್ತು ಹಿಡಿಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಗಿಟಾರ್ ವಿಶಾಲವಾಗಿ ಕೇಳಬೇಕೆಂದರೆ ಅದನ್ನು ಎರಡು ಸಲ ನುಡಿಸಿ, ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಸರಿಸಿ, ನಡುವಿನ ಜಾಗವನ್ನು ದನಿಗೆ ಬಿಟ್ಟುಕೊಡಿ. ಒಂದೇ ಮುದ್ರಣವನ್ನು ನಕಲು ಮಾಡಿ ಎರಡೂ ಕಡೆ ಇಟ್ಟರೆ ಹರವು ಬರುವುದಿಲ್ಲ, ಅದು ನಡುವೆಯೇ ಜೋರಾಗಿ ಕುಳಿತು ದನಿಯನ್ನು ಒತ್ತುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ನಕಲು ಮಾಡುವವರು ನಿಂತಿಲ್ಲ. ಜೋರಾದ ಭಾಗಗಳನ್ನು ತಾನಾಗಿಯೇ ತಗ್ಗಿಸುವ ಕಂಪ್ರೆಸರ್ 3ಕ್ಕೆ 1ರ ಅನುಪಾತದಲ್ಲಿ, 3–4 ಡೆಸಿಬಲ್ ತಗ್ಗಿಸಿದರೆ ಸಾಕು. ದೊಡ್ಡ ಕೋಣೆಯಲ್ಲಿ ಹಾಡಿದಂಥ ಅನುರಣನ ತರುವ ರಿವರ್ಬನ್ನು ಕಿವಿಗೆ ಹಿತವೆನಿಸುವಷ್ಟು ಹಾಕಿ, ಆಮೇಲೆ ಅದನ್ನೂ ಸ್ವಲ್ಪ ಇಳಿಸಿ.

ಕೇಳುವ ಮಟ್ಟವನ್ನೂ ಇಳಿಸಿ. ಸದ್ದು ಜೋರಾದಷ್ಟೂ ಮಂದ್ರದ ಸ್ವರಗಳು ತುಂಬಿಕೊಂಡಂತೆ ಕೇಳುತ್ತವೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಅಳೆದು ತೋರಿಸಿದ್ದಾರೆ. ಜೋರಾಗಿಟ್ಟು ಹದ ಮಾಡಿದ ಹಾಡು ಮೆಲ್ಲಗೆ ಇಟ್ಟಾಗ ಸೊರಗುವುದು ಅದಕ್ಕೇ. ಎದುರಿಗೆ ಕುಳಿತವರೊಡನೆ ಮಾತನಾಡುವಷ್ಟು ಸದ್ದಿನಲ್ಲಿಟ್ಟು ಕೆಲಸ ಮಾಡಿ. ರಾತ್ರಿ ಮುಗಿಸಿದ್ದನ್ನು ಬೆಳಿಗ್ಗೆ ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ, ಕಾಗದದಲ್ಲಿ ಬರೆದ ಸಾಹಿತ್ಯವನ್ನು ಹಿಡಿದುಕೊಂಡು ಕೇಳಿ. ಕೇಳದೇ ಹೋದ ಪದದ ಕೆಳಗೆ ಗೆರೆ ಎಳೆದು, ಆ ಪದವನ್ನು ಮುಚ್ಚಿದ್ದು ಯಾವುದೆಂದು ಹುಡುಕಿ, ಅದನ್ನು ಇಳಿಸಿ. ನಮಸ್ಕಾರ.